ಬೆನ್ನು ತುಳಿಯುವವಳು

“ಹಾಳೆ ಹಾಸಿದ್ರೂ ಇಡಲ್ಲ, ಕಂಬಳಿ ಹೊದೆಸಿದ್ರೂ ಇಡಲ್ಲ. ಕಾಲು ನಂದು,” ಎಂದಳು ಪ್ರೇಮಕ್ಕ.

“ಕಾಲು ನಿಂದಾದ್ರೆ ಮನೆ ನಂದು,” ಎಂದ ಅವಳ ಗಂಡ ಧರ್ಮೇಶ. ಬೋರಲು ಮಲಗಿದ್ದರಿಂದ ಮಾತು ಅರ್ಧ ಚಾಪೆಗೆ, ಅರ್ಧ ಹೆಂಡತಿಗೆ ಹೋಯಿತು. “ಊರಿನವರ ಬೆನ್ನೆಲ್ಲ ತುಳಿದು ಸರಿ ಮಾಡಿದೋಳಿಗೆ ಗಂಡನ ಬೆನ್ನು ಬಂದಾಗ ಡಾಕ್ಟ್ರು ನೆನಪಾದ್ರಾ?”

“ಊರಿನ ಗಂಡಸರ ಬೆನ್ನು ತುಳಿಸುವಾಗ ನಿಮಗೆ ಯಾವ ಪಾಪವೂ ನೆನಪಾಗ್ಲಿಲ್ಲ. ನಿಮ್ಮ ಬೆನ್ನು ಬಂದ ಕೂಡ್ಲೇ ಪಾಪಕ್ಕೆ ಹಾಳೆ ಹಾಸ್ತಿದೀರಿ. ಥೂ.”

ಜಗುಲಿಯಲ್ಲಿ ಇದ್ದವರು ಕೆಲವೇ ಜನ. ಅಂಗಿ ಬಿಚ್ಚಿ, ಹೊಸ್ತಿಲಿಗೆ ತಲೆ ಮಾಡಿ ಬಿದ್ದುಕೊಂಡಿದ್ದ ಧರ್ಮೇಶ. ಅಗಲವಾದ ಅಡಿಕೆ ಹಾಳೆಯೊಂದನ್ನು ನೀರಿನಲ್ಲಿ ನೆನೆಸಿ, ಮೆದು ಮಾಡಿ, ಮೊಮ್ಮಗುವಿಗೆ ಹಾಸಿಗೆ ಮಾಡಿದಷ್ಟು ಮುತುವರ್ಜಿಯಿಂದ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅವನ ತಾಯಿ ಸುಲೋಚನಮ್ಮ. ಬೆಂಚಿನ ಮೇಲೆ ಎಲೆಅಡಿಕೆ ಮೆಲ್ಲುತ್ತ, ಬಯಲಾಟಕ್ಕೆ ಮುಂಚೆಯೇ ಬಂದು ಜಾಗ ಹಿಡಿದವನಂತೆ ಕಾಲು ಚಾಚಿದ್ದ ದಾಯಾದಿ ನಾಗಪ್ಪ. ಅಂಗಳದಲ್ಲಿ ಆಳು ಚೋಮ. ಇವರೆಲ್ಲರ ನಡುವೆ, ಕಂಬಕ್ಕೂ ಒರಗದೆ, ಪ್ರೇಮಕ್ಕ.

ಪ್ರೇಮಕ್ಕ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ತುಳಿದರೆ ಹಿಡಿದ ಸೊಂಟ ಬಿಡುತ್ತದೆ ಎನ್ನುವುದು ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು. ಬರುವವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬರಬೇಕು, ಹೊಸ್ತಿಲಿಗೆ ತಲೆಮಾಡಿ ಬೋರಲು ಮಲಗಬೇಕು, ಅವಳು ಎಡಗಾಲಿನ ಹಿಮ್ಮಡಿಯಿಂದ ಮೂರು ಸಲ ತುಳಿಯಬೇಕು, ತುಳಿಸಿಕೊಂಡವರು ಹಿಂದೆ ತಿರುಗಿ ನೋಡದೆ ಎದ್ದು ಹೋಗಬೇಕು. ಕಮ್ಮರಡಿಯಿಂದ ಒಳಗಿನ ಆ ಮನೆಗೆ ಜಯಪುರದಿಂದ, ಶೃಂಗೇರಿಯಿಂದ, ಕಿಗ್ಗದಿಂದ ಜೀಪು ಮಾಡಿಕೊಂಡು ಬರುತ್ತಿದ್ದರು. ಧರ್ಮೇಶನಿಗೆ ಅದೊಂದು ಹಿರಿಮೆ. ಬೇರೆಯವರ ಮನೆಯಲ್ಲಿ ಸೀಮೆಹಸು ತೋರಿಸಿದಂತೆ ಅವನು ಹೆಂಡತಿಯ ಕಾಲು ತೋರಿಸುತ್ತಿದ್ದ.

ಈಗ ಅವನದೇ ಬೆನ್ನು ಹಿಡಿದಿತ್ತು. ಹೆಂಡತಿಯ ಕಾಲು ಗಂಡನ ಮೈಗೆ ತಾಗುವುದು ಮಹಾಪಾಪ. ಅದಕ್ಕೆ ಸುಲೋಚನಮ್ಮ ಯೋಚಿಸಿ ಯೋಚಿಸಿ ಒಂದು ದಾರಿ ಹುಡುಕಿದ್ದರು. ಬೆನ್ನಿನ ಮೇಲೆ ಹಾಳೆ ಹಾಸುವುದು. ತುಳಿಯುವ ಮೊದಲು ಪ್ರೇಮಕ್ಕ ಗಂಡನ ಪಾದ ಮುಟ್ಟಿ ಕ್ಷಮೆ ಕೇಳುವುದು, ತುಳಿದ ಮೇಲೆ ಮತ್ತೊಮ್ಮೆ ಮುಟ್ಟಿ ಕ್ಷಮೆ ಕೇಳುವುದು. ನಾಗಪ್ಪನಿಗೆ ಈ ಏರ್ಪಾಟು ಬಹಳ ಹಿಡಿಸಿತ್ತು.

ಪ್ರೇಮಕ್ಕ ಹಾಳೆಯಿಂದ ಒಂದು ಹೆಜ್ಜೆ ದೂರ ಸರಿದಳು.

ಅವಳು ಕಂಡಷ್ಟು ಬೆನ್ನುಗಳನ್ನು ಆ ತಾಲೂಕಿನಲ್ಲಿ ಇನ್ನೊಬ್ಬರು ಕಂಡಿರಲಾರರು. ಲಂಗ ತೊಟ್ಟಿದ್ದ ವಯಸ್ಸಿನಿಂದ ಅದೇ ಕೆಲಸ. ಬೆವರುಸಾಲೆಯ ಬೆನ್ನು, ಗಜಕರ್ಣದ ಬೆನ್ನು, ಕರಡಿಯಂತೆ ಕೂದಲು ಬೆಳೆದ ಬೆನ್ನು, ನೀಲಗಿರಿ ಎಣ್ಣೆ ಬಳಿದು ಸ್ನಾನ ಬಿಟ್ಟು ಜಿಡ್ಡುಗಟ್ಟಿದ ಬೆನ್ನು. ಹಿಮ್ಮಡಿಗೆ ಆ ಜಿಡ್ಡು ಅಂಟಿದರೆ ಸೀಗೆಪುಡಿ ಹಾಕಿ ತಿಕ್ಕಿದರೂ ಸಂಜೆಯವರೆಗೆ ವಾಸನೆ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೆ ತುತ್ತಿನ ಜೊತೆ ಆ ವಾಸನೆ ಬರುತ್ತಿತ್ತು. ತುಳಿಸಿಕೊಳ್ಳುವಾಗ ಕೆಲವರು ಬೇಕಂತಲೇ “ಇನ್ನೂ ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ” ಎನ್ನುವರು. ಅದನ್ನು ಗಂಡನಿಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕಾಲಿಗೆ ಎಂತ ಮಾನ ಮಾರಾಯ್ತಿ, ಎಂದಿದ್ದ.

ಅದಕ್ಕಿಂತ ಹೇಸಿಗೆ ಅತ್ತೆಯ ಕಟ್ಟಳೆ. ಕೂಲಿಯವರ ಬೆನ್ನು ತುಳಿದರೆ ತುಳಿದ ಮೇಲೆ ಕಾಲು ತೊಳೆದುಕೊಂಡು ಒಳಗೆ ಬರಬೇಕು. ದೊಡ್ಡ ಮನುಷ್ಯರ ಬೆನ್ನು ತುಳಿಯುವುದಾದರೆ ತುಳಿಯುವ ಮೊದಲು ಕಾಲು ತೊಳೆದುಕೊಂಡು ಬರಬೇಕು. ಒಂದೇ ಕಾಲು, ಒಂದೇ ಚೊಂಬು. ಎಷ್ಟೋ ಬೆಳಿಗ್ಗೆ ಅವಳು ಬಚ್ಚಲ ಕಲ್ಲಿನ ಮೇಲೆ ನಿಂತು, ತೊಳೆಯಬೇಕಾದ್ದು ತನ್ನ ಕಾಲನ್ನೋ ಇವರ ತಲೆಯನ್ನೋ ಎಂದು ಯೋಚಿಸಿದ್ದುಂಟು.

ಹಿಂದಿನ ವರ್ಷ ಅವಳದೇ ಬೆನ್ನು ಕೈಕೊಟ್ಟಿತ್ತು. ಒಲೆಯ ಮುಂದೆ ದೋಸೆ ಹುಯ್ಯುವಷ್ಟು ಹೊತ್ತು ನಿಲ್ಲಲಾಗದೆ ಗೋಡೆ ಹಿಡಿಯುವಂತಾಯಿತು. ತುಳಿಯುವವರಿಗೆ ಬೆನ್ನು ನೋವು ಬರುವುದುಂಟಾ ಎಂದು ಮನೆಯಲ್ಲಿ ನಂಬಲೇ ಇಲ್ಲ. ಕೆಲಸ ತಪ್ಪಿಸಿಕೊಳ್ಳಲು ಹೂಡಿದ ಆಟ ಎಂದರು ಸುಲೋಚನಮ್ಮ. ಕೊನೆಗೆ ಜಯಪುರಕ್ಕೆ ಮದುವೆಯಾಗಿ ಹೋಗಿದ್ದ ಮಗಳು ರಮ್ಯ ಬಂದು ಅವಳನ್ನು ಕೊಪ್ಪದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ನೋಡಿ, ಮಾತ್ರೆ ಬರೆದು, ವ್ಯಾಯಾಮ ಕಲಿಸುವ ಕೋಣೆಗೆ ಕಳಿಸಿದರು. ಅಲ್ಲಿ ಅಮೂಲ್ಯಾ ಎಂಬ ಹುಡುಗಿ ಇದ್ದಳು. ರಮ್ಯಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು.

ಅಮೂಲ್ಯಾ ಅವಳಿಗೆ ಮಲಗಲು ಹೇಳಲಿಲ್ಲ, ನಿಲ್ಲಲು ಹೇಳಿದಳು. ಪ್ರೇಮಕ್ಕನ ಎರಡೂ ಕೈಗಳನ್ನು ತೆಗೆದುಕೊಂಡು ಅವಳದೇ ಸೊಂಟದ ಹಿಂದೆ, ಬೆನ್ನುಮೂಳೆಯ ಆಚೆ ಈಚೆ ಹೆಬ್ಬೆರಳು ಒತ್ತಿಸಿ, ಸ್ವಲ್ಪ ಮುಂದೆ ಬಾಗಿ ಎಂದಳು. ಬಾಗಿದ ಕೂಡಲೇ ಬೆರಳಿನ ಅಡಿ ಎರಡು ಹಗ್ಗಗಳು ಬಿಗಿದು ಗಟ್ಟಿಯಾದವು. ತಲೆ ಎತ್ತಿ ನೆಟ್ಟಗೆ ನಿಂತಾಗ ಅದೇ ಹಗ್ಗ ಕಳಿತ ಬಾಳೆಹಣ್ಣಿನಷ್ಟು ಮೆತ್ತಗಾಯಿತು. ಒಂದು ಕಾಲು ಎತ್ತಿದಾಗ ಒಂದು ಪಕ್ಕ ಮಾತ್ರ ಎದ್ದು ನಿಂತಿತು. ಇಷ್ಟು ಬೆನ್ನು ತುಳಿದವಳಿಗೆ ತನ್ನ ಬೆನ್ನಿನೊಳಗೆ ಹೀಗೊಂದು ಕೆಲಸ ನಡೆಯುತ್ತಿದೆ ಎಂದೇ ಗೊತ್ತಿರಲಿಲ್ಲ.

“ನಿಮ್ಮನೇಲಿ ಹಳೇ ಟಿವಿ ಆಂಟೆನಾ ಕಂಬ ಉಂಟಾ?” ಎಂದು ಕೇಳಿದಳು ಅಮೂಲ್ಯಾ. “ಕಂಬ ತಾನಾಗೇ ನಿಂತಿರಲ್ಲ ಅಮ್ಮ. ಸುತ್ತ ತಂತಿ ಎಳೆದು ಕಟ್ಟಿರ್ತಾರಲ್ಲ, ಅದು ನಿಲ್ಲಿಸೋದು. ಬೆನ್ನುಮೂಳೆ ಅಂದ್ರೆ ಒಂದ್ರ ಮೇಲೊಂದು ಇಟ್ಟ ಬಿಲ್ಲೆಗಳು, ಅಷ್ಟೆ. ಹಿಂದಿನ ಸ್ನಾಯು, ಹೊಟ್ಟೆಯ ಸ್ನಾಯು, ಎರಡೂ ಕಡೆಯಿಂದ ಹಿಡ್ಕೊಂಡಿರೋದ್ರಿಂದ ನಾವು ನಿಂತಿದೀವಿ.”

ಸುಮ್ಮನೆ ನಿಂತಿದ್ದೇವೆ ಎಂದುಕೊಳ್ಳುತ್ತೇವೆ, ಆದರೆ ಮನುಷ್ಯ ಸುಮ್ಮನೆ ನಿಲ್ಲುವುದೇ ಇಲ್ಲ ಎಂದು ಅವಳು ವಿವರಿಸಿದಳು. ಮೈ ಒಂದು ಕೂದಲಷ್ಟು ಮುಂದಕ್ಕೆ ವಾಲಿದರೆ ಹಿಂದಿನದು ಎಳೆಯುತ್ತದೆ, ಹಿಂದಕ್ಕೆ ವಾಲಿದರೆ ಹೊಟ್ಟೆಯದು ಎಳೆಯುತ್ತದೆ. ತಲೆ ಸೊಂಟದ ನೇರಕ್ಕಿದ್ದರೆ ಅವಕ್ಕೆ ಹಗುರ, ಬಗ್ಗಿ ನಿಂತರೆ ಭಾರ. ಪ್ರೇಮಕ್ಕ ವರ್ಷಗಟ್ಟಲೆ ಬಲಗಾಲೊಂದರ ಮೇಲೆ ನಿಂತು, ಸೊಂಟ ಓರೆ ಮಾಡಿ ತುಳಿದು ತುಳಿದು ಒಂದೇ ಪಕ್ಕದ ತಂತಿಯನ್ನು ಸವೆಸಿದ್ದಳು. ಇನ್ನು ತುಳಿಯಬೇಡಿ ಎಂದಳು ಹುಡುಗಿ. ಅಷ್ಟಕ್ಕೇ ಬಿಡದೆ ಇನ್ನೊಂದು ಮಾತು ಹೇಳಿದಳು. ಬೆನ್ನು ಹಿಡಿಯುವುದು ಬಹಳ ಸಲ ಕಾವಲು. ಒಳಗೆ ಬಿಲ್ಲೆಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತಿದಾಗ, ಇನ್ನೂ ಜಾರದಿರಲಿ ಎಂದು ಸ್ನಾಯುಗಳು ಕಲ್ಲಾಗಿ ಹಿಡಿದುಕೊಳ್ಳುತ್ತವೆ. ಆ ಕಾವಲನ್ನು ತುಳಿದು ಓಡಿಸಬಾರದು. ಅದರಲ್ಲೂ ಪಾದ ಎಳೆಯುತ್ತಿದ್ದರೆ, ಹಿಮ್ಮಡಿಯ ಮೇಲೆ ನಿಲ್ಲಲಾಗದಿದ್ದರೆ, ಮುಟ್ಟಲೇಬಾರದು. ಉಚ್ಚೆಯ ಮೇಲೆ ಹಿಡಿತ ತಪ್ಪಿದರಂತೂ ಆ ದಿನವೇ ದೊಡ್ಡಾಸ್ಪತ್ರೆ ಸೇರಬೇಕು.

ವಾಪಸು ಬರುವಾಗ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅವಳು ನಾಚಿಕೆ ಬಿಟ್ಟು ಸೊಂಟಕ್ಕೆ ಕೈ ಕೊಟ್ಟು ಬಾಗಿದಳು, ಎದ್ದಳು, ಬಾಗಿದಳು. ಹಗ್ಗ ಗಟ್ಟಿಯಾಯಿತು, ಮೆತ್ತಗಾಯಿತು. ಮಗಳು ಜನ ನೋಡ್ತಾರೆ ಎಂದು ಸೆರಗು ಎಳೆದಳು. ನೋಡಲಿ ಎಂದಳು ಪ್ರೇಮಕ್ಕ.

ಮನೆಯಲ್ಲಿ ಈ ಮಾತು ನಡೆಯಲಿಲ್ಲ. ನಿನ್ನ ಅಮೂಲ್ಯಾಗೆ ಹಾಲುಹಲ್ಲು ಬಿದ್ದಿದೆಯಾ ಎಂದು ಕೇಳಿದ ಧರ್ಮೇಶ. ಬಂದವರನ್ನು ಅವಳು ಕಳಿಸಲು ನೋಡಿದರೆ ಅವನು ಅಂಗಳದಲ್ಲಿ ಅಡ್ಡ ನಿಲ್ಲುತ್ತಿದ್ದ. ಕೊನೆಗೆ ಅವಳು ಭಾರ ಬಿಡದೆ, ಬರೀ ಹೆಬ್ಬೆರಳು ತಾಗಿಸಿ ಕಳಿಸತೊಡಗಿದಳು. ಆಗಲೂ ಬಂದವರು ಗುಣವಾಯಿತು ಎಂದೇ ಹೇಳಿಕೊಂಡು ಹೋದರು. ಇದನ್ನು ನೋಡಿ ಅವಳ ಅಸಹ್ಯ ಹೆಚ್ಚಿತೇ ಹೊರತು ಕಮ್ಮಿಯಾಗಲಿಲ್ಲ.

ಧರ್ಮೇಶನ ಬೆನ್ನು ಹಿಡಿದದ್ದು ಕಾಫಿ ಹೂವಿಗೆ ನೀರು ಹಾರಿಸುವ ಸಮಯದಲ್ಲಿ. ಹಳ್ಳದಿಂದ ಸೀಮೆಎಣ್ಣೆ ಪಂಪನ್ನು ದರೆಯ ಕಡಿದಾದ ಏರು ಹತ್ತಿಸಬೇಕಿತ್ತು. ಚೋಮ ಇನ್ನೊಬ್ಬನನ್ನು ಕರೆಯುತ್ತೇನೆ ಎಂದರೆ ಕೇಳದೆ, ನಿನ್ನ ವಯಸ್ಸಿನಲ್ಲಿ ನಾನೊಬ್ಬನೇ ಹೊರುತ್ತಿದ್ದೆ ಎಂದು ಧರ್ಮೇಶ ಬಗ್ಗಿ ಎತ್ತಿದ. ಎತ್ತಿದವನು ನೆಟ್ಟಗಾಗಲಿಲ್ಲ. ಸೊಟ್ಟ ಬೆನ್ನಿನಲ್ಲೇ ಮನೆಗೆ ಬಂದು ವಾರ ಮಲಗಿದ. ಹೀಗೆ ಹಿಡಿದದ್ದು ಹೀಗೆ ಬಿಡುತ್ತದೆ ಎಂದುಕೊಂಡು ಪ್ರೇಮಕ್ಕ ಬಿಸಿನೀರಿನ ಶಾಖ ಕೊಟ್ಟಳು. ಆದರೆ ಆ ಬೆಳಿಗ್ಗೆ ಅವನು ಬಚ್ಚಲಿಗೆ ಹೋಗುವಾಗ ಎಡಗಾಲಿನ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು. ಅಮೂಲ್ಯಾಳ ಮಾತು ಅವಳಿಗೆ ನೆನಪಾಯಿತು. ಹಿಮ್ಮಡಿಯ ಮೇಲೆ ನಿಲ್ಲಿ ನೋಡೋಣ ಎಂದಳು. ಬಲಗಾಲಿನ ಬೆರಳುಗಳು ಎದ್ದವು. ಎಡಗಾಲಿನವು ಸತ್ತ ಮೀನಿನಂತೆ ನೆಲದ ಮೇಲೇ ಇದ್ದವು. ಸೆಗಣಿ ಸಾರಿಸಿದ ನೆಲ ಜಾರುತ್ತದೆ ಎಂದ ಧರ್ಮೇಶ.

ಅವಳು ಕೊಪ್ಪಕ್ಕೆ ಹೊರಡಿ ಎಂದಳು. ಕೊಯ್ದರೆ ಜನ್ಮವಿಡೀ ಮಲಗಬೇಕಾಗುತ್ತದೆ ಎಂದು ಅವನು ಹೆದರಿದ. ಹೆದರಿಕೆಯನ್ನು ಹೆದರಿಕೆ ಎಂದು ಒಪ್ಪಿಕೊಳ್ಳುವ ಗಂಡಸಲ್ಲ. ಹಾಗಾಗಿ ಮನೆಯಲ್ಲೇ ಮದ್ದು ಇರುವಾಗ ಆಸ್ಪತ್ರೆ ಯಾಕೆ ಎಂದು ಸಿಟ್ಟು ಮಾಡಿದ. ನಾಗಪ್ಪನಿಗೆ ಹೇಳಿಕಳಿಸಿದ, ಹಾಳೆ ನೆನೆಯಿತು, ಜಗಳ ಹತ್ತಿಕೊಂಡಿತು.

“ನೋಡು ಪ್ರೇಮ, ಹಟ ಮಾಡ್ಬೇಡ,” ಎಂದ ನಾಗಪ್ಪ ಕವಳ ಉಗಿದು. “ಗಂಡ ಎದ್ದು ನಿಂತ್ರೆ ಮನೆ ನಿಂತ ಹಾಗೆ. ಪಾದ ಮುಟ್ಟಿ ಒಂದ್ಸಲ ತುಳಿದುಬಿಡು.”

“ಭಾವ, ಅವರ ಪಾದಕ್ಕೆ ನಾನು ಮುಟ್ಟಿದ್ದೇ ಗೊತ್ತಾಗಲ್ಲ. ಚಿವುಟಿ ನೋಡಿ ಬೇಕಾದ್ರೆ. ಅಲ್ಲಿ ಜೀವ ಇಲ್ಲ.” ಪ್ರೇಮಕ್ಕ ಗಂಡನ ಕಡೆ ಬಾಗಿದಳು. “ಈಗ ಹೊರಟ್ರೆ ಕಾಲು ಉಳೀತದೆ. ನಾನು ತುಳಿದ್ರೆ ನೀವು ಮತ್ತೆ ನಿಲ್ಲಲ್ಲ. ಕೈ ಮುಗೀತೀನಿ, ಬನ್ನಿ.”

ಅವಳು ಅವನಿಗೆ ಕೈ ಮುಗಿದದ್ದು ಮದುವೆಯ ಮಂಟಪದಲ್ಲಿ ಬಿಟ್ಟರೆ ಅದೇ ಮೊದಲು. ಅವನು ಮುಖ ಚಾಪೆಯಲ್ಲೇ ಇಟ್ಟುಕೊಂಡು, ಆಯಿತು, ದೇವಪ್ಪನ ಜೀಪಿಗೆ ಹೇಳಿ ಬಾ ಎಂದ.

ಪ್ರೇಮಕ್ಕ ಹವಾಯಿ ಚಪ್ಪಲಿ ಅಂಗಳದಲ್ಲೇ ಬಿಟ್ಟು, ಪೇಟೆಗೆ ಹೋಗುವ ಚಪ್ಪಲಿ ಮೆಟ್ಟಿಕೊಂಡು ಓಡುನಡಿಗೆಯಲ್ಲಿ ಹೋದಳು. ಮನೆಯ ಫೋನು ಸತ್ತು ವಾರವಾಗಿತ್ತು, ಮೊಬೈಲಿಗೆ ಗುಡ್ಡ ಹತ್ತಬೇಕಿತ್ತು. ದೇವಪ್ಪ ಕಾಫಿ ಕುಡಿಯುತ್ತಿದ್ದವನು ಲೋಟ ಅಲ್ಲೇ ಇಟ್ಟು ಜೀಪು ತೆಗೆದ. ದಾರಿಯುದ್ದಕ್ಕೂ ಅವಳು ಮುಂದಿನ ಸೀಟಿನಲ್ಲಿ ಕೂತು, ಗಂಡನನ್ನು ಹೇಗೆ ಮಲಗಿಸುವುದು, ತಲೆದಿಂಬು ಎಲ್ಲಿಡುವುದು ಎಂದೇ ಯೋಚಿಸಿದಳು. ಒಪ್ಪಿಕೊಂಡನಲ್ಲ ಎಂದು ಅವನ ಮೇಲೆ ಎಲ್ಲೋ ಒಂದು ತೊಟ್ಟು ಮಮತೆಯೂ ಹುಟ್ಟಿತ್ತು.

ಜೀಪು ಅಂಗಳಕ್ಕೆ ತಿರುಗಿದಾಗ ಆ ಮಮತೆ ಸತ್ತಿತು.

ಧರ್ಮೇಶ ಅದೇ ಚಾಪೆಯ ಮೇಲೆ ಬೋರಲು ಇದ್ದ. ಅವನ ಬೆನ್ನಿನ ಮೇಲೆ ನೆನೆದ ಹಾಳೆ ಇತ್ತು. ಹಾಳೆಯ ಮೇಲೆ ಕ್ವಿಂಟಾಲು ತೂಗುವ ನಾಗಪ್ಪ, ಎರಡೂ ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಪಂಚೆ ಎತ್ತಿ ಕಟ್ಟಿ ನಿಂತಿದ್ದ. ಅವನ ಕಾಲಿನಲ್ಲಿ ಅವಳ ನೀಲಿ ಹವಾಯಿ ಚಪ್ಪಲಿ. ಒಡೆದ ಹಿಮ್ಮಡಿಗಳು ಚಪ್ಪಲಿಯಿಂದ ಹೊರಗೆ ಚಾಚಿಕೊಂಡಿದ್ದವು. ಸುಲೋಚನಮ್ಮ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು. ಚೋಮ ಅಂಗಳದ ತುದಿಯಲ್ಲಿ ಮುಖ ಆಚೆ ತಿರುಗಿಸಿದ್ದ. ಅವನಿಗೆ ಮೊದಲು ಹೇಳಿದ್ದರಂತೆ, ಗೌಡರ ಮೈಮೇಲೆ ಕಾಲಿಡೋದು ನನ್ನಿಂದಾಗದು ಎಂದು ಒಲ್ಲೆ ಎಂದನಂತೆ.

ಇದನ್ನೂ ಸುಲೋಚನಮ್ಮನೇ ಯೋಚಿಸಿದ್ದು. ಗುಣ ಇರುವುದು ಪ್ರೇಮಳ ಕಾಲಿನಲ್ಲಿ, ಆ ಕಾಲಿನ ಗುಣ ದಿನಾ ಮೆಟ್ಟುವ ಚಪ್ಪಲಿಗೂ ಇಳಿದಿರುತ್ತದೆ. ಮೆಟ್ಟಿಕೊಂಡವನು ವಯಸ್ಸಿನಲ್ಲಿ ದೊಡ್ಡವನು, ಅವನ ಕಾಲು ತಾಗಿದರೆ ಆಶೀರ್ವಾದ. ಪಾಪ ಕಳೆಯಿತು, ಗುಣ ಉಳಿಯಿತು. ಹೆಂಡತಿಯ ಬರಿಗಾಲು ಬೇಡವಾದವನ ಬೆನ್ನಿಗೆ ಹೆಂಡತಿಯ ಚಪ್ಪಲಿ ಆಗಿತ್ತು. ಇದು ಯಾರಿಗೂ ವಿಚಿತ್ರ ಎನಿಸಿರಲಿಲ್ಲ.

ಅವಳು ಬಾಯಿ ತೆರೆಯುವ ಮೊದಲೇ ಏನೋ ಆಗಿಹೋಯಿತು. ಧರ್ಮೇಶ ಒಮ್ಮೆ ಕೂಗಿದ, ಮತ್ತೆ ತಣ್ಣಗಾದ. ನಾಗಪ್ಪ ಗಾಬರಿಯಾಗಿ ಕೆಳಗಿಳಿದ. ಧರ್ಮೇಶ ನಿಧಾನಕ್ಕೆ ತಲೆ ಎತ್ತಿದ. ಮುಖದಲ್ಲಿ ನಗು.

“ಬಿಟ್ಟಿತು,” ಎಂದ. “ನೋವೇ ಇಲ್ಲ ಮಾರಾಯ. ಎಲ್ಲ ಹೋಯ್ತು.”

ಸುಲೋಚನಮ್ಮ ದೇವರ ಕೋಣೆಯ ಕಡೆ ತಿರುಗಿ ಕೈಮುಗಿದರು. ನಾಗಪ್ಪ ಮೀಸೆ ತಿರುವಿದ. ಜೀಪು ವಾಪಸು ಕಳಿಸು ಎಂದು ಅಲ್ಲಿಂದಲೇ ಕೂಗಿದ ಧರ್ಮೇಶ. ಕಂಡೆಯಾ ನಿನ್ನ ಆಸ್ಪತ್ರೆ ಎಂದು ಹೆಂಡತಿಯನ್ನು ಹಂಗಿಸಿದ. ಪ್ರೇಮಕ್ಕ ಚಾಪೆ ನೋಡುತ್ತಿದ್ದಳು. ಅವನ ಸೊಂಟದ ಕೆಳಗೆ ಒದ್ದೆ ಹರಡುತ್ತಿತ್ತು. ಹಾಳೆಯ ನೀರು ಎಂದರು ಸುಲೋಚನಮ್ಮ. ಪ್ರೇಮಕ್ಕ ಕೂತು, ಬೆರಳಿನಿಂದ ಮುಟ್ಟಿ, ಮೂಗಿಗೆ ಹಿಡಿದಳು. ನೀರಲ್ಲ. ಬೆಚ್ಚಗಿತ್ತು.

“ಉಚ್ಚೆ ಹೋಗ್ತಾ ಇದೆ. ಗೊತ್ತಾಗ್ತಿದ್ಯಾ ನಿಮಗೆ?”

ಅವನ ಮುಖದ ನಗು ಅಲ್ಲೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು. ಗೊತ್ತಾಗುತ್ತಿರಲಿಲ್ಲ. ಏಳಲು ನೋಡಿದ. ಕೈಗಳು ಎದೆಯನ್ನು ಎತ್ತಿದವು, ಸೊಂಟದಿಂದ ಕೆಳಗಿನದು ಚಾಪೆಯಲ್ಲೇ ಉಳಿಯಿತು.

ನೋವು ಹೋದದ್ದಕ್ಕೆ ಹಬ್ಬ ಮಾಡಿದ ಮಂದಿ ಆಗ ಒಬ್ಬರ ಮುಖ ಒಬ್ಬರು ನೋಡಿದರು. ನಾಗಪ್ಪ ಮೆಲ್ಲನೆ ಚಪ್ಪಲಿ ಬಿಟ್ಟು, ಮನೆಯಲ್ಲಿ ಕೆಲಸವಿದೆ ಎಂದು ಗೇಟಿನ ಕಡೆ ನಡೆದ. ಪ್ರೇಮಕ್ಕ, ಚೋಮ, ದೇವಪ್ಪ ಸೇರಿ ಅಟ್ಟದ ಹಲಗೆಯೊಂದನ್ನು ಕಿತ್ತು ತಂದು, ಅವನನ್ನು ಹಾಗೇ ಹೊರಳಿಸಿ ಜೀಪಿನಲ್ಲಿ ಮಲಗಿಸಿದರು. ಕೊಪ್ಪದಲ್ಲಿ ನೋಡಿದವರು ಒಳಗೂ ಸೇರಿಸಿಕೊಳ್ಳದೆ ಆಂಬುಲೆನ್ಸ್ ಮಾಡಿ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಅಂದೇ ಕೊಯ್ದರು. ಮೆತ್ತೆ ಒಡೆದು ನರದ ಗೊಂಚಲಿನ ಮೇಲೆ ಕೂತಿತ್ತಂತೆ. ಇನ್ನೂ ತಡವಾಗಿದ್ದರೆ ದೇವರೂ ಎತ್ತಿ ನಿಲ್ಲಿಸುತ್ತಿರಲಿಲ್ಲ ಎಂದರು.

ಆಮೇಲಿನ ದಿನಗಳನ್ನು ಪ್ರೇಮಕ್ಕ ಬಟ್ಟಲು, ನಳಿಗೆ, ಡೆಟಾಲಿನ ವಾಸನೆಯಲ್ಲಿ ಕಳೆದಳು. ಆ ಕೆಲಸಕ್ಕೆ ಅವಳು ಮೂಗು ಮುಚ್ಚಲಿಲ್ಲ. ರೋಗಿಯ ಹೊಲಸು ಹೊಲಸಲ್ಲ, ತೊಳೆದರೆ ಹೋಗುತ್ತದೆ. ಒಂದು ದಿನ ಅವನನ್ನು ಎರಡು ಕಂಬಿಗಳ ನಡುವೆ ನಿಲ್ಲಿಸಿದರು. ಹಿಂದಿನಿಂದ ಅವಳು ಅವನ ಸೊಂಟಕ್ಕೆ ಕೈ ಕೊಟ್ಟಿದ್ದಳು. ಮಲಗಿ ಮಲಗಿ ಸೊರಗಿದ ಆ ಎರಡು ಹಗ್ಗಗಳು ಅವಳ ಅಂಗೈಯಲ್ಲಿ ಆಗತಾನೆ ಹುಟ್ಟಿದ ಕರುವಿನ ಕಾಲಿನಂತೆ ನಡುಗಿದವು. ಎಳೆದವು, ಸೋತವು, ಮತ್ತೆ ಎಳೆದವು. ಅವನು ಮುಂದಕ್ಕೆ ವಾಲಿದಾಗ ಬಿಗಿದು, ನೆಟ್ಟಗಾದಾಗ ಸಡಿಲಾದವು. ಧರ್ಮೇಶ ಅಳುತ್ತಿದ್ದ. ಬಿಡ್ಬೇಡ ಕಣೇ ಎಂದ. ಬಿಡೋದಿಲ್ಲ ಎಂದಳು. ತನ್ನ ಆಯುಷ್ಯದಲ್ಲಿ ಮೊದಲ ಸಲ ಒಂದು ಬೆನ್ನನ್ನು ಮುಟ್ಟಿ ಅವಳಿಗೆ ಹೇಸಿಗೆಯಾಗಲಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವಾಗ ಅವನು ಕೋಲು ಹಿಡಿದು ಅಂಗಳ ಸುತ್ತುವಂತಾದ. ಎಡಪಾದ ಸ್ವಲ್ಪ ಜೋಲುತ್ತಿತ್ತು, ಉಳಿದದ್ದೆಲ್ಲ ಸರಿಯಾಗಿತ್ತು. ನಾಲಿಗೆ ಎಲ್ಲಕ್ಕಿಂತ ಮೊದಲು ಸರಿಯಾಯಿತು. ನೋಡಲು ಬಂದವರಿಗೆಲ್ಲ ಅವನು ಒಂದು ಕತೆ ಹೇಳುತ್ತಿದ್ದ. ನಾಗಪ್ಪಣ್ಣ ತುಳಿದು ನೋವು ಬಿಡಿಸಿದ್ದು ನಿಜ, ಆದರೆ ಎರವಲು ಚಪ್ಪಲಿಯ ಗುಣ ಎಷ್ಟು ಹೊತ್ತು ನಿಂತೀತು. ಇವಳು ಮೊದಲ ದಿನವೇ ಹಟ ಬಿಟ್ಟು ಸ್ವಂತ ಕಾಲು ಇಟ್ಟಿದ್ದರೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಬೇಡವಾಗಿತ್ತು. ಸುಲೋಚನಮ್ಮ ಪಕ್ಕದಲ್ಲಿ ಕೂತು ಹೌದು ಹೌದು ಎನ್ನುವರು. ನಾಗಪ್ಪ ಬೆಂಚಿಗೆ ಮರಳಿದ್ದ, ಅವನೂ ತಲೆ ಆಡಿಸುವನು. ಪ್ರೇಮಕ್ಕ ಅಡುಗೆಮನೆಯಲ್ಲಿ ನಿಂತು ಇದನ್ನು ಕೇಳಿದಳು. ಮೊದಲು ಸಿಟ್ಟು ಬಂತು. ಎರಡನೆಯ ಸಲ ಕೇಳಿದಾಗ ಸಿಟ್ಟೂ ಬರಲಿಲ್ಲ. ಸಾರಿನಲ್ಲಿ ಬಿದ್ದ ಜಿರಳೆ ಕಂಡಾಗ ಆಗುವುದು ಮಾತ್ರ ಆಯಿತು. ಆದರೂ ಅವಳು ಬೆಳಿಗ್ಗೆ ಸಂಜೆ ಅವನನ್ನು ಗೋಡೆಗೆ ನಿಲ್ಲಿಸಿ ಹೇಳಿಕೊಟ್ಟ ವ್ಯಾಯಾಮ ಮಾಡಿಸುವುದನ್ನು ಬಿಡಲಿಲ್ಲ. ಕೋಲು ಬಿಟ್ಟು ನಿಲ್ಲುವವರೆಗೆ ನನ್ನ ಹೊಣೆ ಎಂದುಕೊಂಡಿದ್ದಳು.

ಅವನು ಕೋಲು ಬಿಟ್ಟು ನಿಂತದ್ದು ಒಂದು ಭಾನುವಾರ.

ಆ ಬೆಳಿಗ್ಗೆ ಶೃಂಗೇರಿ ಕಡೆಯಿಂದ ಒಂದು ಕಾರು ಬಂತು. ಬಂದವನು ಸೊಸೈಟಿಯ ನಿರ್ದೇಶಕ ಯೋಗೇಂದ್ರ. ಧರ್ಮೇಶನಿಗೆ ಅವನ ಸ್ನೇಹ ಬೇಕು ಎಂದು ಎಷ್ಟೋ ವರ್ಷದಿಂದ ಆಸೆ. ಪ್ರೇಮಕ್ಕ ಹಿತ್ತಿಲಿನಿಂದ ಬಸಳೆ ಕೊಯ್ದು ತರುವಷ್ಟರಲ್ಲಿ ಜಗುಲಿಯಲ್ಲಿ ಹೊಸ ಚಾಪೆ ಬಿದ್ದಿತ್ತು. ಚಾಪೆಯ ಮೇಲೆ, ಹೊಸ್ತಿಲಿಗೆ ತಲೆ ಮಾಡಿ, ಅಂಗಿ ಬಿಚ್ಚಿದ ಒಂದು ಬಿಳಿಚಿದ, ದಪ್ಪ, ಮಚ್ಚೆಗಳ ಬೆನ್ನು ಬೋರಲಾಗಿತ್ತು. ಧರ್ಮೇಶ ಅದರ ಪಕ್ಕ, ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಬೀಸುತ್ತ ನಿಂತಿದ್ದ. ಇದೆಲ್ಲ ಪ್ರೇಮಳ ಕಾಲಿನ ಗುಣ, ನನ್ನನ್ನೇ ನೋಡಿ, ಡಾಕ್ಟರು ಕೈಬಿಟ್ಟಿದ್ದರು, ಇವಳು ನಿಲ್ಲಿಸಿದಳು ಎಂದು ಹೇಳುತ್ತಿದ್ದ. ಹೊಸ ಮನುಷ್ಯನಿಗೆ ಹೊಸ ಕತೆ.

ಹೆಂಡತಿಯನ್ನು ಕಂಡು ಅವನ ಮುಖ ಅರಳಿತು.

“ಬಾ ಬಾ. ಸಾಹೇಬ್ರು ಎಷ್ಟೊತ್ತಿಂದ ಕಾಯ್ತಾ ಇದಾರೆ. ತೊಳ್ಕೊಂಡು ಬಾ ಬೇಗ.”

ಅವಳು ಅವನನ್ನು ನೋಡಿದಳು. ತಲೆ ಸೊಂಟದ ನೇರಕ್ಕೆ ಇತ್ತು, ಹೆಗಲು ಹಿಂದಕ್ಕೆ ಇತ್ತು, ಭಾರ ಎರಡೂ ಕಾಲಿನ ಮೇಲೆ ಹಂಚಿತ್ತು. ಅವಳು ಹೇಳಿಕೊಟ್ಟ ಹಾಗೇ ಚೆನ್ನಾಗಿ ನಿಂತಿದ್ದ. ಇಷ್ಟು ಚೆನ್ನಾಗಿ ನಿಲ್ಲಿಸಿದ್ದು ಈ ಮಾತು ಆಡಿಸುವುದಕ್ಕಾ ಎನಿಸಿತು. ಬಸಳೆಯ ಬುಟ್ಟಿಯನ್ನು ಕೆಳಗಿಟ್ಟಳು.

“ಸಾಹೇಬ್ರೇ, ಏಳಿ,” ಎಂದಳು ಚಾಪೆಯ ಕಡೆ ನೋಡದೆ. “ಇಲ್ಲಿ ಏನೂ ಇಲ್ಲ. ಕೊಪ್ಪದಲ್ಲಿ ತೋರಿಸಿ.”

ಧರ್ಮೇಶ ನಕ್ಕ. ಅವಳು ಹಾಗೇ, ಬಾಯಿ ಒರಟು, ಕಾಲು ಒಳ್ಳೇದು ಎಂದು ಯೋಗೇಂದ್ರನಿಗೆ ಸಮಾಧಾನ ಹೇಳಿದ. ಬೆನ್ನು ಅಲ್ಲಾಡಲಿಲ್ಲ, ಕಾಯುತ್ತ ಮಲಗೇ ಇತ್ತು.

ಅವಳು ಒಳಗೆ ಹೋದಳು. ತೊಳೆದುಕೊಳ್ಳಲು ಹೋದಳು ಎಂದೇ ಎಲ್ಲರೂ ತಿಳಿದರು. ಅವಳು ಎರಡು ಸೀರೆ, ಒಂದು ಟವೆಲ್ಲು ಚೀಲಕ್ಕೆ ತುರುಕಿಕೊಂಡು ಹೊರಗೆ ಬಂದಳು. ಹೊಸ್ತಿಲ ಬಳಿ ಆ ಬೆನ್ನು ಅಡ್ಡ ಇತ್ತು. ದಾಟಿದರೆ ಅದನ್ನೂ ಮದ್ದು ಎಂದುಕೊಂಡಾರು ಎಂದು ಮತ್ತೆ ಒಳಗೆ ತಿರುಗಿ, ಹಿತ್ತಿಲ ಬಾಗಿಲಿನಿಂದ ಇಳಿದು, ಮನೆ ಬಳಸಿ ಅಂಗಳಕ್ಕೆ ಬಂದಳು. ಎಲ್ಲಿಗೆ ಎಂದು ಸುಲೋಚನಮ್ಮ ಕೇಳಿದರು. ಎನ್.ಆರ್.ಪುರಕ್ಕೆ, ಅಕ್ಕನ ಮನೆಗೆ ಎಂದಳು. ಎಂತಕ್ಕೆ ಎಂದರು. ಅವಳು ಚೀಲ ಹೆಗಲಿಗೆ ಏರಿಸಿಕೊಂಡಳು. ಸಾಹೇಬ್ರು ಮಲಗಿದಾರೆ ಕಣೇ, ಎಂದು ಧರ್ಮೇಶ ಹಿಂದಿನಿಂದ ಕೂಗಿದ. ಆ ಕೂಗಿನಲ್ಲಿ ಅವಳು ಹೋಗುತ್ತಿದ್ದಾಳೆ ಎನ್ನುವ ಹೆದರಿಕೆಗಿಂತ ಅವಮಾನವಾಗುತ್ತಿದೆ ಎನ್ನುವ ಹೆದರಿಕೆಯೇ ಹೆಚ್ಚಿತ್ತು. ಅದೂ ಅವಳಿಗೆ ಕೇಳಿಸಿತು.

ಕೊಪ್ಪದಿಂದ ಎನ್.ಆರ್.ಪುರದ ಬಸ್ಸಿನಲ್ಲಿ ಸೀಟು ಇರಲಿಲ್ಲ. ಒಬ್ಬ ಮುದುಕ ಎದ್ದು ಜಾಗ ಕೊಡಲು ಬಂದ. ಬೇಡ, ಕೂತ್ಕೊಳ್ಳಿ ಎಂದಳು. ಬಸ್ಸು ತಿರುವಿನಲ್ಲಿ ಬಲಕ್ಕೆ ವಾಲಿದಾಗ ಬೆನ್ನಿನ ಎಡಪಕ್ಕ ತಾನಾಗಿ ಬಿಗಿಯಿತು, ಎಡಕ್ಕೆ ವಾಲಿದಾಗ ಬಲಪಕ್ಕ. ಡ್ರೈವರು ಬ್ರೇಕ್ ಹಾಕಿದಾಗ ಹಿಂದಿನದು ಎಳೆಯಿತು, ಬಿಟ್ಟಾಗ ಹೊಟ್ಟೆಯದು. ಅವಳು ಮೇಲಿನ ಕಂಬಿಯನ್ನು ಎರಡು ಬೆರಳಿನಿಂದಷ್ಟೇ ಹಿಡಿದು, ಎರಡೂ ಕಾಲಿನ ಮೇಲೆ ಭಾರ ಹಾಕಿ ನಿಂತಳು.

ಎನ್.ಆರ್.ಪುರಕ್ಕೆ, ಅವಳ ಅಕ್ಕ ಶಾಂತಕ್ಕನ ಮನೆಗೆ ಧರ್ಮೇಶ ಹೇಳಿಕಳಿಸಿದ. ನಾಗಪ್ಪ ಬಂದು ಬೆಂಚಿನ ಮೇಲೆ ಕೂತು ಎಲೆಅಡಿಕೆ ಮೆಲ್ಲುತ್ತ ಬುದ್ಧಿ ಹೇಳಿ ಹೋದ. ಕೊನೆಗೆ ಧರ್ಮೇಶನೇ ದೇವಪ್ಪನ ಜೀಪು ಮಾಡಿಕೊಂಡು ಬಂದು, ಗೇಟಿನ ಹತ್ತಿರ ಕೋಲಿಲ್ಲದೆ ನೆಟ್ಟಗೆ ನಿಂತು ಬಹಳ ಹೊತ್ತು ಕಾದ. ಪ್ರೇಮಕ್ಕ ಹೋಗಲಿಲ್ಲ.